ಡೇರಿಗೆ ಹಾಲು ಹಾಕುವವರು ಹೆಂಗಸರು, ಸಂಘದ ಸಭೆಯಲ್ಲಿ ಕೂರುವವರು ಯಾರು?

ಬೇಲೂರು ತಾಲ್ಲೂಕಿನ ಹಾಲು ಉತ್ಪಾದಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹದಿನಾಲ್ಕು ವರ್ಷಗಳಿಂದ ಎರಡು ಹೊತ್ತೂ ಹಾಲು ಹಾಕುತ್ತಿದ್ದೇನೆ. ಬೆಳಗಿನ ಜಾವ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವವರಲ್ಲಿ ಬಹುಪಾಲು ಹೆಂಗಸರೇ. ಯಾವ ಹಸು ಬೆದೆಗೆ ಬಂದಿದೆ, ಯಾವುದರ ಕೆಚ್ಚಲು ಬಾತಿದೆ, ಮೇವು ಬದಲಾಯಿಸಿದ ಮೇಲೆ ಫ್ಯಾಟ್ ಎಷ್ಟು ಇಳಿಯಿತು ಎಂಬುದೆಲ್ಲ ಬಾಯಲ್ಲೇ ಇರುವುದು ನಮಗೆ. ಆದರೆ ಕಳೆದ ತಿಂಗಳು ಆಡಳಿತ ಮಂಡಳಿಯ ಚುನಾವಣೆಗೆಂದು ಮತದಾರರ ಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಿದಾಗ, ಅದರಲ್ಲಿ ನನ್ನ ಹೆಸರು ಇರಲಿಲ್ಲ. ಕಾರ್ಯದರ್ಶಿಯವರನ್ನು ಕೇಳಿದೆ. "ನಿಮ್ಮ ಮನೆಯ ಸದಸ್ಯತ್ವ ನಿಮ್ಮ ಯಜಮಾನರ ಹೆಸರಿನಲ್ಲಿದೆಯಲ್ಲಮ್ಮ, ಅವರು ಬಂದು ಓಟು ಹಾಕುತ್ತಾರೆ ಬಿಡಿ" ಎಂದರು. ನಮ್ಮ ಯಜಮಾನರು ಲಾರಿ ಓಡಿಸುವವರು, ತಿಂಗಳಲ್ಲಿ ಇಪ್ಪತ್ತು ದಿನ ಊರಿನಲ್ಲೇ ಇರುವುದಿಲ್ಲ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಅವರ ಖಾತೆಗೇ ಬೀಳುತ್ತದೆ. ಅವರು ಅದನ್ನು ಮನೆಗೇ ಕೊಡುತ್ತಾರೆ, ಅವರ ಮೇಲೆ ನನ್ನ ದೂರಿಲ್ಲ.

ಮಂಡಳಿಯಲ್ಲಿ ಹೆಂಗಸರೇ ಇಲ್ಲವೆಂದಲ್ಲ. ಕಾನೂನಿನ ಪ್ರಕಾರ ಮಹಿಳೆಯರಿಗೆ ಎರಡು ಸ್ಥಾನಗಳಿವೆ, ಅವು ಪ್ರತಿ ಸಲ ಅವಿರೋಧವಾಗಿ ತುಂಬುತ್ತವೆ. ಕಳೆದ ಅವಧಿಯಲ್ಲಿ ನಿರ್ದೇಶಕಿಯಾಗಿದ್ದವರು ನಮ್ಮ ಪಕ್ಕದ ಮನೆಯವರೇ. ಸಭೆ ನಡೆದ ಸಂಜೆ ನಡಾವಳಿ ಪುಸ್ತಕ ಅವರ ಮನೆಗೇ ಬರುತ್ತಿತ್ತು. ಒಲೆಯ ಮುಂದೆ ಕೂತಿದ್ದವರು ಸೆರಗಿಗೆ ಕೈ ಒರೆಸಿಕೊಂಡು, ಪುಸ್ತಕ ತಂದ ಹುಡುಗ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಪುನಃ ರೊಟ್ಟಿ ತಟ್ಟಲು ಕೂತದ್ದನ್ನು ನಾನೇ ಕಂಡಿದ್ದೇನೆ.

ಹೆಂಗಸರು ಮುಂದಾಳತ್ವಕ್ಕೆ ಬರಬೇಕೆಂದು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ನಮ್ಮ ತಾಲ್ಲೂಕಿನಲ್ಲಂತೂ ಭಾಷಣ ಮುಗಿಯುವುದರೊಳಗೆ ಶಾಂತಲೆಯ ಹೆಸರು ಬಂದೇ ಬರುತ್ತದೆ. ಹಾಗಾದರೆ ದಾರಿ ಕಟ್ಟಿರುವುದು ಎಲ್ಲಿ? ತಿಳಿದವರು ದಯವಿಟ್ಟು ಬರೆಯಿರಿ.

ಕಡೂರಿನ ನಿವೃತ್ತ ಪಂಚಾಯಿತಿ ಕಾರ್ಯದರ್ಶಿ

ತಾಯಿ, ತಾವು ಕೇಳಿರುವ ಪ್ರಶ್ನೆಗೆ ಉತ್ತರದ ಒಂದು ತುಂಡು ನನ್ನ ಬಳಿ ಇರಬಹುದು. ನಾನು ಕೆಲಸಕ್ಕೆ ಸೇರಿದ್ದು ಮಂಡಲ ಪಂಚಾಯಿತಿಗಳ ಕಾಲದಲ್ಲಿ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ, ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶಕ್ಕೆಲ್ಲ ಮೂರನೇ ಒಂದು ಭಾಗ ಎಂದಾದದ್ದು 1993ರಲ್ಲಿ, ಅಂದರೆ ಆರು ವರ್ಷ ತಡವಾಗಿ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಕಾಗದದ ಮೇಲೆ ಕರ್ನಾಟಕ ಯಾರಿಗೂ ಹಿಂದೆ ಬಿದ್ದಿಲ್ಲ.

ಆದರೆ ಕುರ್ಚಿಯ ಜೊತೆಗೆ ಅಧಿಕಾರದ ಸಾಮಾನುಗಳು ಹೋಗಬೇಕಲ್ಲ. ಮೊದಲು ಅದು ಚೆಕ್ ಪುಸ್ತಕವಾಗಿತ್ತು, ಈಗ ಡಾಂಗಲ್, ಅಂದರೆ ಡಿಜಿಟಲ್ ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ. ಪಂಚಾಯಿತಿಯ ಬಿಲ್ಲು ಪಾವತಿಯಾಗಲು ಅಧ್ಯಕ್ಷರ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿಯೂ ಬೇಕು. ಅಧ್ಯಕ್ಷೆಯ ಡಾಂಗಲ್ ಅವರ ಪತಿಯ ಅಂಗಿ ಜೇಬಿನಲ್ಲಿರುವುದನ್ನು ನಾನು ಒಂದಲ್ಲ, ಹಲವು ಕಡೆ ಕಂಡಿದ್ದೇನೆ. ಪತಿ ಊರಿನಲ್ಲಿಲ್ಲದ ದಿನ ನೀರುಗಂಟಿಯ ಸಂಬಳವೂ ನಿಲ್ಲುತ್ತಿತ್ತು. ನಾನೂ ಆ ಏರ್ಪಾಡಿಗೆ ಕಣ್ಣು ಮುಚ್ಚಿದವನೇ. ಮನೆಯವರೊಡನೆ ಮಾತಾಡಿದರೆ ಕೆಲಸ ಬೇಗ ಆಗುತ್ತದೆ ಎಂಬ ಸೋಮಾರಿತನದಿಂದ ಫೋನ್ ಮಾಡುವಾಗಲೂ ಗಂಡನ ನಂಬರಿಗೇ ಮಾಡುತ್ತಿದ್ದೆ. ಕಚೇರಿಯ ಫಲಕದಲ್ಲಿ ಅಧ್ಯಕ್ಷೆಯ ಹೆಸರಿನ ಮುಂದೆ ಬರೆಸಿದ್ದ ಮೊಬೈಲ್ ಸಂಖ್ಯೆಯೂ ಗಂಡನದ್ದೇ ಆಗಿತ್ತು. ಅದನ್ನು ಬರೆಸಿದವನು ನಾನು.

ಮೂಡಿಗೆರೆಯ ಕಾಫಿ ಬೆಳೆಗಾರ

ಒಂದು ಭಿನ್ನ ಅಭಿಪ್ರಾಯ ಹೇಳುತ್ತೇನೆ, ಯಾರೂ ಅನ್ಯಥಾ ಭಾವಿಸಬಾರದು. ಮೀಸಲು ಸ್ಥಾನ ಕೊಟ್ಟು ಕೂರಿಸಿದ್ದರಿಂದಲೇ ಡಾಂಗಲ್ ಗಂಡನ ಜೇಬಿಗೆ ಹೋಯಿತಲ್ಲವೇ? ಆಸಕ್ತಿಯೂ ಸಾಮರ್ಥ್ಯವೂ ಇದ್ದವರು ತಾವಾಗಿಯೇ ಬರುತ್ತಾರೆ. ನಮ್ಮ ಚಿಕ್ಕಮಗಳೂರು 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ರಾಜಕೀಯ ಮರುಜನ್ಮ ಕೊಟ್ಟ ಕ್ಷೇತ್ರ. ಆಮೇಲೆ ಡಿ.ಕೆ. ತಾರಾದೇವಿಯವರು 1984 ಮತ್ತು 1991ರಲ್ಲಿ ಇಲ್ಲಿಂದ ಲೋಕಸಭೆಗೆ ಹೋದರು. ಕ್ಷೇತ್ರ ಉಡುಪಿ-ಚಿಕ್ಕಮಗಳೂರು ಎಂದಾದ ಮೇಲೆ ಶೋಭಾ ಕರಂದ್ಲಾಜೆಯವರು ಎರಡು ಸಲ ಗೆದ್ದರು. ಇವರಿಗೆ ಯಾರಿಗೂ ಮೀಸಲಾತಿ ಇರಲಿಲ್ಲ. ಹೆಂಗಸರೆಂಬ ಕಾರಣಕ್ಕೆ ನಮ್ಮ ಮತದಾರರು ಯಾರನ್ನೂ ಸೋಲಿಸಿಲ್ಲ.

ಹಾಸನದ ಅರ್ಥಶಾಸ್ತ್ರ ಉಪನ್ಯಾಸಕಿ

ಬೆಳೆಗಾರ ಮಿತ್ರರು ಹೇಳಿದ್ದರಲ್ಲಿ ಒಂದು ಮಾತು ನಿಜ, ಮತದಾರರು ಸೋಲಿಸುತ್ತಿಲ್ಲ. ಆದರೆ ಮತಪತ್ರದಲ್ಲಿ ಹೆಸರೇ ಇಲ್ಲದವರನ್ನು ಸೋಲಿಸುವ ಪ್ರಮೇಯ ಎಲ್ಲಿ ಬರುತ್ತದೆ? 2023ರ ವಿಧಾನಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಹಾಸನ ಜಿಲ್ಲೆಯ ಏಳು, ಚಿಕ್ಕಮಗಳೂರಿನ ಐದು, ಒಟ್ಟು ಹನ್ನೆರಡು ಕ್ಷೇತ್ರಗಳಲ್ಲಿ ಗೆದ್ದ ಮಹಿಳೆ ಒಬ್ಬರೇ, ತಮ್ಮದೇ ಮೂಡಿಗೆರೆಯ ನಯನಾ ಮೋಟಮ್ಮ. ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅವರ ತಾಯಿ ಮೋಟಮ್ಮನವರು ಅದೇ ಕ್ಷೇತ್ರವನ್ನು ಪ್ರತಿನಿಧಿಸಿ ಸಚಿವೆಯೂ ಆಗಿದ್ದವರು. ಜಮೀನು, ತೋಟ, ಹಣ ಇವೆಲ್ಲವೂ ಹೆಚ್ಚಾಗಿರುವ ಸಮುದಾಯಗಳಿಂದ ಉಳಿದ ಹನ್ನೊಂದು ಕ್ಷೇತ್ರಗಳಲ್ಲಿ ಒಬ್ಬ ಮಹಿಳೆಯೂ ಗೆದ್ದು ಬಂದಿಲ್ಲವೆಂಬುದನ್ನು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ನಮ್ಮ ಹಾಸನದ ಕತೆ ಇನ್ನೂ ವಿಚಿತ್ರವಾಗಿದೆ. ಸಂಸತ್ತಿನಲ್ಲಿ ಮಹಿಳಾ ಮೀಸಲಾತಿ ಮಸೂದೆ ಮೊದಲ ಬಾರಿಗೆ ಮಂಡನೆಯಾದದ್ದು 1996ರ ಸೆಪ್ಟೆಂಬರಿನಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಆ ಗೌರವ ಸಂದ ಜಿಲ್ಲೆಯ ಲೋಕಸಭಾ ಕ್ಷೇತ್ರ ಇವತ್ತಿನವರೆಗೆ ಒಬ್ಬ ಮಹಿಳೆಯನ್ನೂ ದೆಹಲಿಗೆ ಕಳಿಸಿಲ್ಲ. ಮಸೂದೆ ಸಂವಿಧಾನದ 106ನೇ ತಿದ್ದುಪಡಿಯಾಗಿ ಅಂಗೀಕಾರವಾಗಲು 2023ರವರೆಗೆ, ಅಂದರೆ ಇಪ್ಪತ್ತೇಳು ವರ್ಷ ಹಿಡಿಯಿತು. ಅಷ್ಟಾದರೂ ಹೊಸ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆಯೇ ಅನ್ವಯ ಎಂದು ಅದರಲ್ಲೇ ಬರೆದಿಟ್ಟರು.

ನಾನು ತರಗತಿಯಲ್ಲಿ ಮಕ್ಕಳ ಮುಂದೆ ಇಡುವ ಪ್ರಶ್ನೆ ಬೇರೆ. ಪರೀಕ್ಷೆ ಬರೆದು ಹೋಗುವ ಹುದ್ದೆಗಳನ್ನು ನೋಡಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಮಹಿಳಾ ಜಿಲ್ಲಾಧಿಕಾರಿಗಳು ಆಡಳಿತ ನಡೆಸಿದ್ದಾರೆ. ನೀಲಮಣಿ ರಾಜು ಅವರು 2017ರಲ್ಲಿ ರಾಜ್ಯ ಪೊಲೀಸ್ ಮಹಾನಿರ್ದೇಶಕರಾದರು, ಮುಖ್ಯ ಕಾರ್ಯದರ್ಶಿಗಳ ಸಾಲಿನಲ್ಲಿ ಹಲವು ಮಹಿಳೆಯರಿದ್ದಾರೆ. ಆದರೆ ಈ ರಾಜ್ಯಕ್ಕೆ ಈವರೆಗೆ ಮಹಿಳಾ ಮುಖ್ಯಮಂತ್ರಿ ಬಂದಿಲ್ಲ. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲದೆ ನೋಂದಣಿ ಸಂಖ್ಯೆ ಮಾತ್ರ ಇರುವ ಕಡೆ ಹೆಣ್ಣುಮಕ್ಕಳು ಮುಂದೆ ಬರುತ್ತಾರೆ. ನಾಲ್ಕು ಜನ ಗಂಡಸರು ಪ್ರವಾಸಿ ಮಂದಿರದಲ್ಲಿ ಕೂತು "ಯಾರನ್ನು ನಿಲ್ಲಿಸೋಣ" ಎಂದು ಮಾತಾಡಿಕೊಳ್ಳುವ ಕಡೆ ಬರುವುದಿಲ್ಲ. ಸಹಕಾರ ಸಂಘ, ದೇವಸ್ಥಾನ ಸಮಿತಿ, ಜಾತಿ ಸಂಘ, ಬೆಳೆಗಾರರ ಸಂಘ, ಪಕ್ಷದ ಬ್ಲಾಕ್ ಸಮಿತಿ ಎಲ್ಲವೂ ಎರಡನೆಯ ಬಗೆಯವು. ನಮ್ಮ ಕಡೆ ಒಬ್ಬ ಮುಂದಾಳು ತಯಾರಾಗುವುದೂ ಅಲ್ಲಿಯೇ. ಆದ್ದರಿಂದ ಸಾಮರ್ಥ್ಯವಿದ್ದವರು ತಾವಾಗಿ ಬರುತ್ತಾರೆ ಎನ್ನುವ ಮಾತನ್ನು ನಾನು ಒಪ್ಪಲಾರೆ. ಗಂಡಸರು ಕೂಡ ತಾವಾಗಿ ಬಂದಿಲ್ಲ, ಅವರನ್ನು ಯಾರೋ ಕೈಹಿಡಿದು ಸೊಸೈಟಿಯ ನಿರ್ದೇಶಕರನ್ನಾಗಿ ಮಾಡಿ ಮೆಟ್ಟಿಲು ಹತ್ತಿಸಿದ್ದಾರೆ.

ಮೀಸಲಾತಿಯಿಂದ ಪ್ರಯೋಜನವಿಲ್ಲ ಎನ್ನುವುದಕ್ಕೂ ಆಧಾರ ಕಡಿಮೆ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅವರು ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದ ಪಂಚಾಯಿತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಹಿಳೆ ಮುಖ್ಯಸ್ಥೆಯಾಗಿರುವ ಕಡೆ ಕುಡಿಯುವ ನೀರಿನಂತಹ, ಹೆಂಗಸರೇ ಹೆಚ್ಚಾಗಿ ಬೇಡಿಕೆ ಇಟ್ಟಿದ್ದ ಕೆಲಸಗಳಿಗೆ ಹೆಚ್ಚು ಹಣ ಹೋದದ್ದನ್ನು ತೋರಿಸಿದರು. ಬಂಗಾಳದ ಮುಂದಿನ ಅಧ್ಯಯನವೊಂದರಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿ ಹೊರಬಂತು. ಒಂದೇ ಅವಧಿಗೆ ಮಹಿಳೆಯನ್ನು ಕಂಡ ಊರಿನಲ್ಲಿ ಮುಂದಿನ ಚುನಾವಣೆಯ ಲೆಕ್ಕಾಚಾರ ಅಷ್ಟಾಗಿ ಬದಲಾಗಲಿಲ್ಲ. ಎರಡು ಅವಧಿ ಕಂಡ ಕಡೆ, ಮೀಸಲಾತಿ ತೆಗೆದ ಮೇಲೂ ಹೆಚ್ಚು ಮಹಿಳೆಯರು ನಿಂತರು, ಗೆದ್ದರು. ಜನರಿಗೆ ರೂಢಿಯಾಗಲು ಕಾಲ ಬೇಕು ಎಂದಾಯಿತು. ನಮ್ಮಲ್ಲಾದರೋ ಅವಧಿ ಮುಗಿದೊಡನೆ ಮೀಸಲಾತಿಯನ್ನು ಬದಲಾಯಿಸುವ ಸರದಿಯ ಪದ್ಧತಿ ಆ ಕಾಲವನ್ನೇ ಕೊಡುವುದಿಲ್ಲ.

ಸಕಲೇಶಪುರ ತಾಲ್ಲೂಕಿನ ಮಾಜಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ

ಉಪನ್ಯಾಸಕಿ ಮೇಡಂ ಬರೆದ ಕೊನೆಯ ಮಾತಿಗೆ ನಾನೇ ಸಾಕ್ಷಿ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಆಯ್ಕೆಯಾದೆ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ ಬಂದದ್ದರಿಂದ ಅಧ್ಯಕ್ಷೆಯಾದೆ. ಅವಧಿ ಮೂವತ್ತು ತಿಂಗಳು. ಕ್ರಿಯಾಯೋಜನೆ ಎಂದರೇನು, 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನೀರಿಗೆ ಮತ್ತು ನೈರ್ಮಲ್ಯಕ್ಕೆ ಎಷ್ಟು ಕಟ್ಟಿಟ್ಟಿರಬೇಕು, ನರೇಗಾ ಬಿಲ್ಲಿನ ಮೇಲೆ ಯಾರ ಸಹಿ ಮೊದಲು, ಇವನ್ನು ಕಲಿಯುವುದಕ್ಕೇ ಎಂಟು ತಿಂಗಳು ಹಿಡಿಯಿತು. ಕಲಿತು ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಅವಿಶ್ವಾಸದ ಗುಸುಗುಸು ಶುರುವಾಯಿತು.

ಡಾಂಗಲ್ ವಿಷಯದಲ್ಲಿ ನಾನು ಮೊದಲ ದಿನವೇ ಗಟ್ಟಿ ನಿಂತೆ. ತಾಳಿ ಸರದ ಜೊತೆಗೆ ಒಂದು ದಾರ ಕಟ್ಟಿ ಕೊರಳಿಗೇ ಹಾಕಿಕೊಂಡಿದ್ದೆ. ನಮ್ಮತ್ತೆಯವರು, "ಇದೇನೇ ಹೊಸ ತಾಯಿತ" ಎಂದು ನಕ್ಕಿದ್ದರು. ಆದರೆ ಡಾಂಗಲ್‌ಗಿಂತ ದೊಡ್ಡ ತೊಡಕು ಸಭೆಯ ಹೊತ್ತು. ಸದಸ್ಯರು ಸೇರುತ್ತಿದ್ದದ್ದು ಸಂಜೆ ಐದರ ಮೇಲೆ. ನಮ್ಮ ಕಡೆ ಆನೆ ಓಡಾಡುವ ದಾರಿಯಲ್ಲಿ ಕತ್ತಲಾದ ಮೇಲೆ ಒಬ್ಬಳೇ ಬರುವಂತಿಲ್ಲ, ಕರೆತರಲು ಗಂಡಸೊಬ್ಬ ಬೇಕು, ಕರೆತರಲು ಬಂದವರು ಹೊರಗೆ ಮಳೆಯಲ್ಲಿ ನಿಲ್ಲುವುದು ಹೇಗೆಂದು ಒಳಗೆ ಕೂರಿಸುತ್ತಾರೆ, ಒಳಗೆ ಕೂತವರು ಸುಮ್ಮನಿರುವುದಿಲ್ಲ. ಗಂಡಂದಿರು ಸಭೆಗೆ ಬಂದು ಕೂರುತ್ತಾರೆ ಎಂದು ಪೇಟೆಯವರು ಆಡಿಕೊಳ್ಳುವಾಗ ಈ ಸರಣಿ ಅವರಿಗೆ ಕಾಣುವುದಿಲ್ಲ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಬದಲಾಯಿಸಿದೆ. ಮೊದಲ ತಿಂಗಳು ಗೊಣಗಿದರು. ಮೂರನೆಯ ಸಭೆಗೆ ಆರು ಜನ ಸದಸ್ಯೆಯರು ತಾವಾಗಿಯೇ ಬಸ್ಸಿನಲ್ಲಿ ಬಂದರು, ಅವರಲ್ಲಿ ಇಬ್ಬರು ಅದುವರೆಗೆ ಬಾಯಿಯೇ ಬಿಟ್ಟಿರಲಿಲ್ಲ. ಅವತ್ತು ಒಬ್ಬರು ಎದ್ದು ನಿಂತು ತಮ್ಮ ಹಾಡಿಯ ಬೋರಿನ ಮೋಟಾರು ಸುಟ್ಟು ನಲವತ್ತು ದಿನವಾಯಿತು ಎಂದಾಗ, ಅಲ್ಲಿದ್ದ ಯಾರಿಗೂ ಅದು ಗೊತ್ತೇ ಇರಲಿಲ್ಲ.

ಈಗ ಮುಂದಿನ ಹೆಜ್ಜೆಯ ವಿಚಾರ. ಅಧ್ಯಕ್ಷೆಯಾಗಿ ಕಲಿತವಳು ಮುಂದೆ ಎಲ್ಲಿಗೆ ಹೋಗಬೇಕು? ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ತಾನೆ? 2016ರಲ್ಲಿ ಆಯ್ಕೆಯಾಗಿದ್ದವರ ಅವಧಿ 2021ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಅರ್ಧ ಸ್ಥಾನ ಮಹಿಳೆಯರಿಗೆ ಸಿಗುವ ಈ ಪಂಚಾಯಿತಿಗಳಿಗೆ ಬೀಗ, ಸಿಗದ ವಿಧಾನಸಭೆಗೆ ಕಾಲಕಾಲಕ್ಕೆ ಚುನಾವಣೆ. ದುಡ್ಡಿದ್ದವರು ನೇರವಾಗಿ ಎಂಎಲ್‌ಎ ಟಿಕೆಟ್ಟಿಗೆ ಹೋಗುತ್ತಾರೆ. ನನ್ನಂಥವಳಿಗೆ ನಡುವಿನ ಮೆಟ್ಟಿಲು ಬೇಕು, ಆ ಮೆಟ್ಟಿಲನ್ನೇ ಕಿತ್ತು ಹಾಕಿದ ಮೇಲೆ ಮೇಲಿನ ಅಂತಸ್ತಿನಲ್ಲಿ ಹೆಂಗಸರೇಕಿಲ್ಲ ಎಂದು ವಿಚಾರ ಸಂಕಿರಣ ಮಾಡುತ್ತಾರೆ.

ಅರಸೀಕೆರೆಯ ಪದವಿ ವಿದ್ಯಾರ್ಥಿ

ನಮ್ಮ ತಾಯಿ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರರು. ಪಂಚಾಯಿತಿ ಮಟ್ಟದ ಒಕ್ಕೂಟದ ಉಳಿತಾಯ, ಸಾಲ, ಮರುಪಾವತಿ ಎಲ್ಲದರ ಲೆಕ್ಕ ಅವರ ಕೈಯಲ್ಲಿದೆ, ಬ್ಯಾಂಕಿನ ಮ್ಯಾನೇಜರ್ ಎದುರು ಗಂಟೆಗಟ್ಟಲೆ ವಾದ ಮಾಡಿ ಬರುತ್ತಾರೆ. ಆದರೆ ಇಂಥವರನ್ನು ಯಾವ ಪಕ್ಷದವರೂ "ಈ ಸಲ ನೀವು ನಿಲ್ಲಿ" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಸಮಾವೇಶಕ್ಕೆ ಬಸ್ಸು ತುಂಬಿಸಿಕೊಡಿ ಎಂದು ಕೇಳಲು ಮಾತ್ರ ಎಲ್ಲ ಪಕ್ಷದವರೂ ಬರುತ್ತಾರೆ. ಶಾಲೆಯ ಎಸ್‌ಡಿಎಂಸಿಯಲ್ಲೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೇ ಕತೆ. ಶಿಕ್ಷಣ ಹಕ್ಕು ಕಾಯ್ದೆ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ನಾನು ಓದಿದ ಶಾಲೆಯಲ್ಲಿ ಇದ್ದರು ಕೂಡ, ಅಧ್ಯಕ್ಷರು ಮಾತ್ರ ಒಮ್ಮೆಯೂ ಹೆಂಗಸರಾಗಲಿಲ್ಲ.

ಮೂಡಿಗೆರೆಯ ಕಾಫಿ ಬೆಳೆಗಾರ

ಸಕಲೇಶಪುರದ ಅಕ್ಕನವರು ಬರೆದದ್ದನ್ನು ಎರಡು ಸಲ ಓದಿದೆ. ವಾದ ಮುಂದುವರಿಸುವುದಕ್ಕಲ್ಲ, ನನ್ನ ತೋಟದಲ್ಲಿ ನಡೆದದ್ದೊಂದನ್ನು ಹೇಳುವುದಕ್ಕೆ ಬರೆಯುತ್ತಿದ್ದೇನೆ. ಕಾಫಿ ಕೊಯ್ಲಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಮಲೆನಾಡಿನವರಿಗೆಲ್ಲ ತಿಳಿದ ವಿಷಯ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅಂದರೆ ಈ ಉದ್ಯಮ ಯಾರ ಕೈಮೇಲೆ ನಿಂತಿದೆಯೆಂದು ಸರ್ಕಾರಕ್ಕೆ ಅಂದೇ ಗೊತ್ತಿತ್ತು. ಆದರೂ ತೋಟದ ಲೆಕ್ಕ ಬರೆಯುವ ಹೆಣ್ಣು ರೈಟರನ್ನು ನಾನು ನಮ್ಮ ಸುತ್ತಮುತ್ತ ಕಂಡಿಲ್ಲ, ಮೇಸ್ತ್ರಿಗಳೂ ಗಂಡಸರೇ.

ನಾಲ್ಕು ವರ್ಷದ ಹಿಂದೆ ನಮ್ಮ ಮೇಸ್ತ್ರಿ ಕೊಯ್ಲಿನ ನಡುವೆಯೇ ಬಿಟ್ಟು ಹೋದ. ಬೇರೆ ದಾರಿ ಕಾಣದೆ ಇಪ್ಪತ್ತು ವರ್ಷದಿಂದ ಇದ್ದ ಹೆಂಗಸೊಬ್ಬರಿಗೆ ಆ ಜವಾಬ್ದಾರಿ ಕೊಟ್ಟೆ. ಯಾವ ಪಟ್ಟೆಯಲ್ಲಿ ಹಣ್ಣಾಗಿದೆ, ಯಾವುದನ್ನು ಇನ್ನೊಂದು ವಾರ ಬಿಡಬೇಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಂಜೆ ಕಣದಲ್ಲಿ ಹಣ್ಣು ತೂಗುವಾಗ ಮೊದಲು ದಿನವೂ ಜಗಳವಾಗುತ್ತಿತ್ತು. ಅವರು ಬಂದ ಮೇಲೆ ತಕ್ಕಡಿಯ ಮುಳ್ಳನ್ನು ಕೊಯ್ದವರಿಗೇ ತೋರಿಸಿ ಬರೆಸಲು ಶುರುಮಾಡಿದರು, ಜಗಳ ನಿಂತಿತು. ಕೊಯ್ಲು ಮುಗಿದು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಬಂದಾಗ ಮಾತ್ರ ಮರ ಹತ್ತುವ ಗಂಡಾಳುಗಳು, ಹೆಂಗಸಿನ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದುಬಿಟ್ಟರು. ನಾನು ಆ ಹೆಂಗಸಿನ ಪರವಾಗಿ ನಿಲ್ಲಲಿಲ್ಲ. ಆಳು ಸಿಗದ ಕಾಲ, ಹೊಸ ಮೇಸ್ತ್ರಿಯನ್ನು ಕರೆತಂದೆ, ಅವರು ಮಾತಾಡದೆ ಮತ್ತೆ ಬುಟ್ಟಿ ಕಟ್ಟಿಕೊಂಡರು. ಸಾಮರ್ಥ್ಯವಿದ್ದವರು ತಾವಾಗಿ ಬರುತ್ತಾರೆ ಎಂದು ಮೇಲೆ ಬರೆದವನು ನಾನೇ.

ಕಾಫಿಯ ರುಚಿ ನೋಡುವ ಕಲೆಯಲ್ಲಿ ಏಷ್ಯಾದಲ್ಲೇ ಮೊದಲ ಮಹಿಳೆ ಎಂದು ಹೆಸರಾದ ಸುನಾಲಿನಿ ಮೆನನ್ ನಮ್ಮ ಕಾಫಿ ಮಂಡಳಿಯಲ್ಲಿ ದುಡಿದವರು. ಕಪ್ಪಿನ ತುದಿಯಲ್ಲಿ ಹೆಂಗಸರ ತೀರ್ಪನ್ನು ನಾವು ಒಪ್ಪಿದ್ದೇವೆ, ಗಿಡದ ಬುಡದಲ್ಲಿ ಒಪ್ಪಿಲ್ಲ. ಈ ಕೊಯ್ಲಿಗೆ ಮೇಸ್ತ್ರಿಯಾಗಲು ನಮ್ಮ ತೋಟದ ಆ ಹೆಂಗಸನ್ನೇ ಪುನಃ ಕೇಳಬೇಕೆಂದಿದ್ದೇನೆ. ಒಪ್ಪುತ್ತಾರೋ ಇಲ್ಲವೋ ತಿಳಿಯದು.

ಸಕಲೇಶಪುರ ತಾಲ್ಲೂಕಿನ ಮಾಜಿ ಗ್ರಾಮ ಪಂಚಾಯಿತಿ ಅಧ್ಯಕ್ಷೆ

ಅಣ್ಣಾ, ಕೇಳುವಾಗ ಮರಗಸಿಗೂ ಅವರೇ ಮೇಸ್ತ್ರಿ ಎಂದು ಮೊದಲೇ ಎಲ್ಲರ ಎದುರಿಗೆ ಹೇಳಿಬಿಡಿ. ಮೇಸ್ತ್ರಿಯ ಕೂಲಿಯನ್ನೇ ಕೊಡಿ.

ಕಡೂರಿನ ನಿವೃತ್ತ ಪಂಚಾಯಿತಿ ಕಾರ್ಯದರ್ಶಿ

ಚರ್ಚೆ ಆರಂಭಿಸಿದ ತಾಯಿಗೆ ನೇರವಾಗಿ ಉಪಯೋಗವಾಗುವ ಎರಡು ಮಾತು. ಸಹಕಾರ ಇಲಾಖೆಯಲ್ಲಿರುವ ಸ್ನೇಹಿತರೊಬ್ಬರೊಡನೆ ಮಾತಾಡಿ ಬರೆಯುತ್ತಿದ್ದೇನೆ. ಮೊದಲು ಸಂಘದ ಬೈಲಾದ, ಅಂದರೆ ನಿಯಮಾವಳಿಯ ಪ್ರತಿ ಕೇಳಿ ಪಡೆಯಿರಿ. ಒಂದು ಮನೆಗೆ ಒಂದೇ ಸದಸ್ಯತ್ವ ಎನ್ನುವುದು ಬರಹದಲ್ಲಿದೆಯೋ, ಬಾಯಿಮಾತಿನ ರೂಢಿಯೋ ನೋಡಿ. ರೂಢಿಯಾಗಿದ್ದರೆ ತಮ್ಮ ಹೆಸರಿನಲ್ಲೇ ಅರ್ಜಿ ಕೊಟ್ಟು ಷೇರು ಹಣ ಕಟ್ಟಿ ರಸೀದಿ ತೆಗೆದುಕೊಳ್ಳಿ. ಬರಹದಲ್ಲೇ ಇದ್ದರೆ ಯಜಮಾನರ ಷೇರನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅವರಿಂದಲೇ ಅರ್ಜಿ ಬರೆಸಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಆ ಕಾಗದ ಹಿಡಿದುಕೊಂಡು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಬಹುದು. ಹಾಲು ಹಾಕಿದ ಚೀಟಿಗಳನ್ನು ಎಸೆಯಬೇಡಿ. ಮತದ ಹಕ್ಕಿಗೆ ಹಾಲಿನ ಲೆಕ್ಕವನ್ನೂ ಮಹಾಸಭೆಯ ಹಾಜರಿಯನ್ನೂ ನೋಡುತ್ತಾರೆ, ಆದ್ದರಿಂದ ಸದಸ್ಯತ್ವ ಸಿಕ್ಕಿದ ಮೇಲೆ ಒಂದು ಮಹಾಸಭೆಯನ್ನೂ ತಪ್ಪಿಸಬೇಡಿ.

ಊರಿನಲ್ಲಿ ಹೆಂಗಸರ ಸಂಖ್ಯೆ ಸಾಕಷ್ಟಿದ್ದರೆ ಪ್ರತ್ಯೇಕ ಮಹಿಳಾ ಹಾಲು ಉತ್ಪಾದಕರ ಸಂಘವನ್ನೇ ಮಾಡುವ ದಾರಿಯೂ ಇದೆ. ಮಹಿಳೆಯರಿಗೆ ತರಬೇತಿ, ಉದ್ಯೋಗ ಒದಗಿಸಲೆಂದು 1986-87ರಲ್ಲಿ ಕೇಂದ್ರ ಆರಂಭಿಸಿದ ಸ್ಟೆಪ್ ಯೋಜನೆಯ ಕಾಲದಿಂದ ನಮ್ಮ ರಾಜ್ಯದಲ್ಲಿ ಅಂಥ ಸಂಘಗಳು ನಡೆದು ಬಂದಿವೆ, ಅಲ್ಲಿ ಅಧ್ಯಕ್ಷೆಯಿಂದ ಹಾಲು ಪರೀಕ್ಷಕಿಯವರೆಗೆ ಎಲ್ಲರೂ ಹೆಂಗಸರೇ. ಆದರೆ ಇರುವ ಸಂಘದಲ್ಲಿ ಜಾಗ ಕೇಳುವುದನ್ನು ಬಿಟ್ಟು ಬೇರೆ ಮನೆ ಕಟ್ಟಿಕೊಳ್ಳಿ ಎಂದು ನಾನು ಹೇಳಲಾರೆ, ಅದು ತಮಗೆ ಬಿಟ್ಟದ್ದು.

ಹಾಸನದ ಅರ್ಥಶಾಸ್ತ್ರ ಉಪನ್ಯಾಸಕಿ

ಒಬ್ಬರೇ ಅರ್ಜಿ ಹಾಕಬೇಡಿ ಎಂದಷ್ಟೇ ಸೇರಿಸುತ್ತೇನೆ. ಹತ್ತು ಜನ ಒಂದೇ ದಿನ ಹೋದರೆ ಕಾರ್ಯದರ್ಶಿಯವರು "ಯಜಮಾನರನ್ನು ಕಳಿಸಿ" ಎನ್ನುವುದು ಕಷ್ಟ. ಎರಡು ಮೀಸಲು ಸ್ಥಾನಗಳಲ್ಲದೆ ಸಾಮಾನ್ಯ ಸ್ಥಾನಕ್ಕೂ ನಾಮಪತ್ರ ಹಾಕಿ. ಮಹಿಳೆಗೆ ಎರಡು ಎಂದರೆ ಎರಡೇ ಎಂದು ಯಾವ ಕಾಯ್ದೆಯೂ ಹೇಳಿಲ್ಲ.

ಬೇಲೂರು ತಾಲ್ಲೂಕಿನ ಹಾಲು ಉತ್ಪಾದಕಿ

ಎಲ್ಲರಿಗೂ ಧನ್ಯವಾದ. ನಿನ್ನೆ ಬೆಳಿಗ್ಗೆ ಹಾಲು ಹಾಕಿದ ಮೇಲೆ ನಾವು ಏಳು ಜನ ಡೇರಿಯ ಮುಂದೆಯೇ ನಿಂತೆವು. ಬೈಲಾ ಕೊಡಿ ಎಂದಾಗ ಕಾರ್ಯದರ್ಶಿಯವರು ಬೀರುವಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಹೇಳಿ, ಸೋಮವಾರ ಬನ್ನಿ ಎಂದರು. ಅರ್ಜಿ ನಮೂನೆಗಳು ಮಾತ್ರ ಸಿಕ್ಕಿವೆ. ಪಕ್ಕದ ಮನೆಯ ಮಾಜಿ ನಿರ್ದೇಶಕಿಯವರೂ ನಮ್ಮ ಜೊತೆ ಬಂದಿದ್ದರು. ಐದು ವರ್ಷ ನಡಾವಳಿಗೆ ಸಹಿ ಹಾಕಿದವರು ಡೇರಿಯ ಒಳಗಿನ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆಯ ಮೇಲಿನ ಫಲಕದಲ್ಲಿ ತಮ್ಮ ಹೆಸರು ಎಲ್ಲಿದೆಯೆಂದು ಹುಡುಕುತ್ತಿದ್ದರು.

ಕಡೂರಿನ ಹಿರಿಯರಲ್ಲಿ ಒಂದು ಪ್ರಶ್ನೆ. ನಮೂನೆಯಲ್ಲಿ "ತಂದೆ/ಗಂಡನ ಸಹಿ" ಎಂದು ಒಂದು ಖಾನೆ ಇದೆ. ಗಂಡಸರ ಅರ್ಜಿಯಲ್ಲಿಯೂ ಇದೇ ನಮೂನೆಯೇ? ನಮ್ಮ ಯಜಮಾನರು ಬರುವುದು ಶುಕ್ರವಾರ. ಅದುವರೆಗೆ ಕಾಯಬೇಕೋ, ಆ ಖಾನೆಯನ್ನು ಖಾಲಿ ಬಿಟ್ಟು ಸೋಮವಾರವೇ ಕೊಡಬಹುದೋ ತಿಳಿಸಿ.